ಗುಡಿಸಿಟ್ಟ ಕಣ

ನನಗೆ ಮನೆ ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದ್ದೇನೆ. ನಾನು ಮದುವೆಯಾಗಿ ಮಧುವನಹಳ್ಳಿಗೆ ಬಂದಾಗ ಗಂಡನ ಮನೆಯಲ್ಲಿ ಇದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೊಟ್ಟಿಗೆ. ಅಷ್ಟರಲ್ಲೇ ಅತ್ತೆ, ಭಾವ, ಓರಗಿತ್ತಿ, ಅವರ ಮಕ್ಕಳು, ಎತ್ತು, ಎಮ್ಮೆ, ಜೊತೆಗೆ ನಾವಿಬ್ಬರು. ರಾಗಿ ತುಂಬುವ ವಾಡೆಯ ಹಿಂದೆ ಒಂದು ಹಳೇ ಸೀರೆ ಇಳಿಬಿಟ್ಟು ಅದನ್ನೇ ನಮ್ಮ ಕೋಣೆ ಅಂದಿದ್ದರು. ಗಂಡನ ಹತ್ತಿರ ಒಂದು ಮಾತು ಆಡಬೇಕಿದ್ದರೂ ಎಮ್ಮೆಗೆ ಹುಲ್ಲು ಹಾಕುವ ನೆಪ ಹೂಡಿ ಕೊಟ್ಟಿಗೆಗೆ ಹೋಗಬೇಕಿತ್ತು.

ಹೀಗಿರುವಾಗ ಊರಲ್ಲಿ ತಮಟೆ ಹೊಡೆಸಿ ಸಾರಿದರು. ಊರ ಪಕ್ಕದ ಬಯಲನ್ನು ತುಂಡು ಮಾಡಿ, ಮನೆ ಕಟ್ಟಲು ಜಾಗ ಇಲ್ಲದವರಿಗೆ ಹಂಚುವ ಯೋಚನೆ ಇದೆ. ಸರ್ಕಾರದ ಸಾಹೇಬರು ಬಯಲಿಗೇ ಬಂದು ಎಲ್ಲರ ಮಾತು ಕೇಳುತ್ತಾರೆ, ತಕರಾರು ಇದ್ದವರು ಹೇಳಿಕೊಳ್ಳಬಹುದು. ಆಗ ನಮ್ಮ ಕೊಳ್ಳೇಗಾಲದ ಸೀಮೆಯೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದೂರದ ಸಾಹೇಬರು ನಮ್ಮ ಮಾತು ಕೇಳಲು ಬರುತ್ತಾರೆ ಅನ್ನುವುದೇ ಜನಕ್ಕೆ ಹೆಮ್ಮೆಯಾಗಿತ್ತು.

ಆ ಬಯಲು ಅಂದರೆ ನಮ್ಮ ಕಣ. ದೊಡ್ಡ ಹಿಡುವಳಿಯವರಿಗೆ ಅವರವರ ಹೊಲದಲ್ಲೇ ಕಣವಿತ್ತು. ನಮ್ಮಂಥವರು ರಾಗಿ ತುಳಿಸುವುದು, ತೂರುವುದು, ಹುಲ್ಲಿನ ಮೆದೆ ಒಟ್ಟುವುದು, ಬೆರಣಿ ತಟ್ಟುವುದು, ಸಂಜೆ ಕೂತು ತಲೆ ಬಾಚಿಸಿಕೊಳ್ಳುವುದು ಎಲ್ಲ ಅಲ್ಲೇ. ಮಾವ ತೀರಿಹೋದ ಮೇಲೆ ಅತ್ತೆ ಆ ಕಣದಲ್ಲಿ ಒಬ್ಬರೇ ರಾಗಿ ತೂರಿ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. ಅದು ಹೋದರೆ ಯಾರದೋ ಕಣದಲ್ಲಿ, ಅವರದೆಲ್ಲ ಮುಗಿಯುವ ತನಕ ಸರದಿ ಕಾಯಬೇಕಿತ್ತು. ಅತ್ತೆಗೆ ಕಣ ಬೇಕು, ನನಗೆ ಮನೆ ಬೇಕು, ನೆಲ ಮಾತ್ರ ಒಂದೇ. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಊರವರಿಗೆ ಆಡಿಕೊಳ್ಳಲು ನಾನೊಬ್ಬಳು ಸಾಕಾಗುತ್ತಿದ್ದೆ.

ಸಾಹೇಬರು ಬರುವ ಹಿಂದಿನ ದಿನ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ‘ದೊಡ್ಡೋರು ಬರೋ ಜಾಗನ ಇಂಗಾ ಮಡಗೋದು?’ ಅಂದರು. ಅಷ್ಟೇ ಸಾಕಾಯಿತು. ತುಳಿಸಲು ಒಟ್ಟಿದ್ದ ರಾಗಿ ಹೊರೆಗಳನ್ನು ತಲೆಯ ಮೇಲೆ ಹೊತ್ತು ಮನೆಗಳಿಗೆ ಸಾಗಿಸಿದೆವು. ಎತ್ತು ಕಟ್ಟಿ ಉರುಳಿಸುವ ರೋಣಗಲ್ಲನ್ನು ಗಂಡಸರು ಬೇಲಿಯಾಚೆ ತಳ್ಳಿದರು. ದನದ ಗೂಟ ಕಿತ್ತರು. ಗುಡಿಸಿ, ಸಗಣಿ ನೀರು ಹಾಕಿ, ಹೊಂಗೆ ಸೊಪ್ಪಿನ ಚಪ್ಪರ ಎಬ್ಬಿಸಿ, ಸಾಹೇಬರಿಗೆ ಹಾಕಿದ ಕುರ್ಚಿಯ ಮುಂದೆ ರಂಗೋಲಿ ಬಿಟ್ಟೆವು. ನಮ್ಮ ಸೀರೆ ಕೋಣೆಯ ತುಂಬ ರಾಗಿ ಹೊರೆ. ನಮ್ಮ ಮನೆಯವರು ಚಾಪೆ ಸುತ್ತಿಕೊಂಡು ಜಗುಲಿಗೆ ಹೋದರು. ನನಗೆ ಕೋಪ ನೆತ್ತಿಗೇರಿತ್ತು.

ಬೆಳಿಗ್ಗೆ ಸಾಹೇಬರು ಬಂದರು, ಬೂಟು ಹಾಕಿಕೊಂಡೇ ಕಣದ ಮೇಲೆ ಒಂದು ಸುತ್ತು ಹಾಕಿದರು. ಕಣಕ್ಕೆ ಯಾರೂ ಮೆಟ್ಟು ಮೆಟ್ಟಿ ಹೋಗುವುದಿಲ್ಲ, ಆದರೂ ಅತಿಥಿ ಅಂತ ಎಲ್ಲರೂ ನುಂಗಿಕೊಂಡರು. ಅವರು ತಮಿಳು ಬೆರೆತ ಕನ್ನಡದಲ್ಲಿ ಮೆಚ್ಚಿಕೊಂಡರು: ಎಷ್ಟು ಚೊಕ್ಕವಾಗಿದೆ, ಎಷ್ಟು ಖಾಲಿ ಬಿದ್ದಿದೆ, ಇದನ್ನು ಹಂಚಲು ಯಾರಿಗೆ ಏನು ತಕರಾರು?

ಇದು ನಮ್ಮ ಕಣ ಎಂದು ಊರ ಪಟೇಲರು ಹೇಳಿದರು. ಹಾಗಾದರೆ ರಾಗಿ ಎಲ್ಲಿ ಎಂದು ಸಾಹೇಬರು ಕೇಳಿದರು. ಮನೆಯೊಳಗಿದೆ ಅಂದರು. ಮನೆಯೊಳಗೇ ಹಿಡಿಸುವುದಾದರೆ ಕಣ ಯಾತಕ್ಕೆ ಎಂದು ಸಾಹೇಬರು ಕೇಳಿದಾಗ ಪಟೇಲರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅತ್ತೆಯ ಮುಖ ಸಣ್ಣಗಾದದ್ದು ನೋಡಿ ನನಗೆ ಮನೆಯ ಆಸೆಯೂ ಮರೆತುಹೋಯಿತು.

ಅತ್ತೆ ವಾದಕ್ಕೆ ಇಳಿಯಲಿಲ್ಲ. ‘ಉಂಡ್ಬುಟ್ ಬನ್ನಿ ಸಾ, ಬಿಸ್ಲಾಯ್ತು’ ಅಂದರು. ಊಟ ಪಟೇಲರ ಮನೆಯಲ್ಲಿ. ಪಟೇಲರ ಹೆಂಡತಿ ಬಡಿಸಲು ನಿಂತರೆ ಬೇಗ ಎದ್ದು ಬಂದವರನ್ನು ನಾನು ಕಂಡಿಲ್ಲ. ಸಾಹೇಬರ ಬೆನ್ನು ಮರೆಯಾದದ್ದೇ ತಡ, ಅತ್ತೆ ನಮ್ಮ ಕಡೆ ತಿರುಗಿ, ಎಲ್ಲ ವಾಪಸ್ಸು ತರಲು ಹೇಳಿದರು. ಬಿದ್ದು ಎದ್ದು ಓಡಿದೆವು.

ಸಾಹೇಬರು ಎಲೆಯಡಿಕೆ ಜಗಿಯುತ್ತ ಬಂದಾಗ ಕಣದಲ್ಲಿ ಎತ್ತು ಸುತ್ತುತ್ತಿತ್ತು. ರಂಗೋಲಿಯ ಮೇಲೆ ರಾಗಿ ಹರಡಿತ್ತು. ಚಪ್ಪರದ ನೆರಳಲ್ಲಿ ಮುದುಕಿಯರು ಮೊರ ಹಿಡಿದು ಕೂತಿದ್ದರು. ಕುರ್ಚಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಚಿಗೆ ಬಂದು ನಿಂತವರಿಗೆ ಅತ್ತೆ ಅಂದರು: ‘ಮೆಟ್ಟು ಅಲ್ಲೇ ಬುಟ್ಬುಟ್ ಬನ್ನಿ ಸಾ. ಈಗ ಇದು ಕಣ.’

ಸಾಹೇಬರು ಬಗ್ಗಿ ಬೂಟು ಬಿಚ್ಚಿದರು, ನಕ್ಕರು ಕೂಡ. ಬರಿಗಾಲಲ್ಲಿ ನಡೆದು ಬಂದು, ಅಮ್ಮಾ, ಹಾಗಾದರೆ ಮನೆ ಇಲ್ಲದವರು ಎಲ್ಲಿಗೆ ಹೋಗಬೇಕು ಎಂದು ಕೇಳಿದರು.

ಅತ್ತೆ ಕಣದ ಮೇಲಂಚಿನ ಕಲ್ಲುದಿಬ್ಬದ ಕಡೆ ಕೈ ತೋರಿಸಿದರು. ‘ಅಲ್ಲಿ ಏನೂ ಬೆಳೆಯಾಕಿಲ್ಲ ಸಾ, ಅಲ್ಲಿ ಕೊಡಿ. ಮೊದಲ್ನೇದು ನನ್ ಸೊಸ್ಗೆ ಕೊಡಿ. ಬಂದಾಗಿಂದ ವಾಡೆ ಹಿಂದೆ ಮಲಗವ್ಳೆ. ಬಾಯ್ಬುಟ್ ಕೇಳಾಕಿಲ್ಲ ಅವ್ಳು.’

ಅಷ್ಟು ಜನರ ಮುಂದೆ ನಾವು ಮಲಗುವ ಜಾಗದ ಸುದ್ದಿ ಎತ್ತಿದರಲ್ಲ ಎಂದು ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಂಡೆ. ಸೆರಗಿನೊಳಗೆ ಅಳು ಬಂತು. ನಾನು ಹೇಳದೆ ಇದ್ದದ್ದನ್ನೆಲ್ಲ ಅವರು ಕೇಳಿಸಿಕೊಂಡಿದ್ದರು.

ಅತ್ತೆ ಹೇಳಿದ ಹಾಗೆಯೇ ಸಾಹೇಬರು ಮಾಡಿಸಿದರು. ಕಣ ಉಳಿಯಿತು, ದಿಬ್ಬ ನಮಗೆ ಬಂತು. ಕಲ್ಲು ಒಡೆಸಿ ಗೋಡೆ ಎಬ್ಬಿಸುವಷ್ಟರಲ್ಲಿ ಸಾಕು ಸಾಕಾಯಿತು. ಕೊನೆಗೆ ಹೊಸ ಮನೆಗೆ ಹೋದೆವು. ಮುಂದಿನ ಸುಗ್ಗಿಯಲ್ಲಿ ಅತ್ತೆ ಗಾಳಿ ನೋಡಿಕೊಂಡು ರಾಗಿ ತೂರಲು ನಿಂತರು. ಹೊಟ್ಟು ಎಲ್ಲ ನೇರವಾಗಿ ನನ್ನ ಮನೆಯೊಳಗೆ, ಒಲೆಯ ಮೇಲಿನ ಸಾರಿಗೆ. ನಾನು ಹೊಸಿಲ ಮೇಲೆ ನಿಂತು ಜಗಳಕ್ಕೆ ಬಾಯಿ ತೆಗೆದೆ.

ಅತ್ತೆ ಮೊರ ಇಳಿಸಲೂ ಇಲ್ಲ. ‘ಬಾಗ್ಲು ಆಕ್ಕೋ ಕೂಸೇ. ಈಗ ನಿಂಗೂ ಒಂದ್ ಬಾಗ್ಲದೆ ಕಣ’ ಅಂದರು.

ನಾನು ಹಾಕಲಿಲ್ಲ. ಸೆರಗು ಸಿಕ್ಕಿಸಿ, ಇನ್ನೊಂದು ಮೊರ ತೆಗೆದುಕೊಂಡು ಕಣಕ್ಕೆ ಇಳಿದೆ.