ಮುಚ್ಚಳ ತೆಗೆದು ಮಾಡಿದ ಪರೀಕ್ಷೆ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪೈಪೋಟಿ ಅಂತ. ಹಳೇ ಕಂಪ್ಯೂಟರನ್ನೂ ಹೊಸ ಕಂಪ್ಯೂಟರನ್ನೂ ಒಂದೇ ಮೇಜಿನ ಮೇಲಿಟ್ಟು, ಎರಡಕ್ಕೂ ಒಂದೇ ಕೆಲಸ ಕೊಟ್ಟು, ಯಾವುದು ಮೊದಲು ಮುಗಿಸುತ್ತದೆ ಅಂತ ನೋಡಿ ಬರೆದುಕೊಡುವುದೇ ಅವನ ಹೊಟ್ಟೆಪಾಡು. ಡಬ್ಬದ ಮೇಲೆ ಕಂಪನಿಯವರು ಅಚ್ಚು ಹಾಕಿದ ಅಂಕಿ ತೋರಿಸಿದರೆ ನಗುತ್ತಿದ್ದ. "ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಮೇಜಿನ ಮೇಲೆ ಓಡಲಿ, ಆಮೇಲೆ ಮಾತಾಡೋಣ." ಇಪ್ಪತ್ತೆರಡು ವರ್ಷ ಅವನ ಚೀಟಿಗೆ ಯಾರೂ ಎದುರಾಡಲಿಲ್ಲ. ಅದೇ ತಲೆಗೇರಿತ್ತು ಅಂತ ಕಾಣುತ್ತೆ.

ಆ ಮೇಜಿನ ಮೇಲೆ ಓಡುವ ಕಂಪ್ಯೂಟರಿಗೆ ಪಕ್ಕದ ಮುಚ್ಚಳ ಇರುತ್ತಿರಲಿಲ್ಲ. ಈ ಕಸುಬಿನವರೆಲ್ಲ ಹಾಗೇ. ಗಳಿಗೆಗೊಮ್ಮೆ ಒಳಗೆ ಕೈ ಹಾಕಬೇಕು, ಪ್ರತಿ ಸಲ ಸ್ಕ್ರೂ ಬಿಗಿಯುತ್ತಾ ಕೂತರೆ ಕೆಲಸ ಸಾಗುತ್ತದೆಯೇ? ತಲೆಯ ಮೇಲೆ ಫ್ಯಾನು ಬೇರೆ ತಿರುಗುತ್ತಿರುತ್ತಿತ್ತು.

ಅವನ ಭಾವ, ಅಂದರೆ ಅಕ್ಕನ ಗಂಡ, ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವನು. ಕುಲುಮೆಯ ಹೊರಗೋಡೆಯ ಚಿತ್ರಗಳನ್ನು ಒಂದು ಕ್ಯಾಮೆರಾ ತೆಗೆಯುತ್ತಲೇ ಇರುತ್ತದೆ. ಗೋಡೆ ಎಲ್ಲಾದರೂ ಸವೆದು ವಿಪರೀತ ಕಾದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಕಂಪ್ಯೂಟರ್ ಅದನ್ನು ಗುರುತಿಸಿ ಸೈರನ್ ಕೂಗಿಸಬೇಕು, ಜನ ಓಡಬೇಕು. ಹಳೇ ಕಂಪ್ಯೂಟರ್ ಒಂದು ಚಿತ್ರ ನೋಡಲು ನಾಲ್ಕು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅದಕ್ಕೇ ಐದು ಸೆಕೆಂಡಿಗೊಂದು ಚಿತ್ರ ಕಳಿಸುತ್ತಿದ್ದರು. ಹೊಸದು ತಂದರೆ ಹೇಗೆ ಅಂತ ಮ್ಯಾನೇಜರ್ ಕೇಳಿದಾಗ ಭಾವನೇ ಹೆಮ್ಮೆಯಿಂದ ಪೈಪೋಟಿಯ ಹೆಸರು ಹೇಳಿದ.

ಪೈಪೋಟಿ ಹತ್ತು ನಿಮಿಷ ಓಡಿಸಿ ನೋಡಿದ. ಹೊಸ ಪ್ರೊಸೆಸರ್ ಒಂದು ಚಿತ್ರವನ್ನು ಮುಕ್ಕಾಲು ಸೆಕೆಂಡಿನಲ್ಲಿ ಮುಗಿಸಿತು. "ಸೆಕೆಂಡಿಗೊಂದು ಚಿತ್ರ ಧಾರಾಳವಾಗಿ ಕಳಿಸಬಹುದು" ಅಂತ ಬರೆದು ಸಹಿ ಹಾಕಿದ.

"ನಮ್ಮ ಶೆಡ್ಡಿಗೆ ಬಂದು ಒಂದ್ಸಲ ಓಡಿಸಿ ನೋಡೋ," ಅಂದ ಭಾವ. "ಅಲ್ಲಿ ಧೂಳು ಬೀಳಬಾರದು ಅಂತ ಕಬ್ಬಿಣದ ಪೆಟ್ಟಿಗೇಲಿ ಮುಚ್ಚಿಡ್ತಾರೆ."

"ಭಾವ, ನೀವು ಕುಲುಮೆ ನೋಡ್ಕೊಳ್ಳಿ. ಇದನ್ನ ನನಗೆ ಬಿಡಿ."

ಅಯ್ಯೋ ಪುಣ್ಯಾತ್ಮ, ಒಂದು ಸಲ ಹೋಗಿಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಹೊಸ ಕಂಪ್ಯೂಟರ್ ಬಂದ ಏಳನೇ ವಾರ, ಒಂದು ಮಧ್ಯಾಹ್ನ, ಕುಲುಮೆಯ ಗೋಡೆ ಒಡೆಯಿತು. ಭಾವ ಹತ್ತೇ ಹೆಜ್ಜೆ ದೂರದಲ್ಲಿದ್ದ. ಕರಗಿದ ಲೋಹ ಮೈಮೇಲೆ ಬಿದ್ದು ಸತ್ತ. ಕೊನೆಗೆ ಅಕ್ಕನಿಗೆ ಅವನ ಮುಖ ಕೂಡ ಯಾರೂ ತೋರಿಸಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಕಾರ್ಖಾನೆಯವರು ಅದನ್ನೇ ಮಾಡಿದರು. ಕಂಪ್ಯೂಟರಿನ ದಾಖಲೆಯಲ್ಲಿ ಚುಕ್ಕೆ ಕಂಡ ಹೊತ್ತು ಮೂರು ಗಂಟೆ ಹತ್ತು ನಿಮಿಷ. ಗೋಡೆ ಒಡೆದದ್ದು ಮೂರು ಹದಿನಾಲ್ಕಕ್ಕೆ. "ನಾಲ್ಕು ನಿಮಿಷ ಸೈರನ್ ಕೂಗಿದರೂ ನಿಂತೇ ಇದ್ದ, ಅವನದೇ ತಪ್ಪು" ಅಂತ ಷರಾ ಬರೆದರು. ಗೋಡೆ ಒಡೆದ ಮೇಲೇ ಸೈರನ್ ಕೇಳಿಸಿತು ಅಂತ ಜೊತೆಯ ಕೆಲಸಗಾರರು ಬಾಯಿ ಬಡಿದುಕೊಂಡರು. ಹೆದರಿದವರ ಮಾತು ಅಂತ ಮ್ಯಾನೇಜರ್ ತಳ್ಳಿಹಾಕಿದ.

ಅಕ್ಕ ತಮ್ಮನ ಅಂಗಡಿಗೇ ಬಂದಳು. "ನಿಮ್ಮ ಭಾವ ಅಷ್ಟು ಬೇಜವಾಬ್ದಾರಿ ಮನುಷ್ಯನೇನೋ? ಅಪ್ಪ ತಾನಾಗೇ ಸತ್ತ ಅಂತ ಸ್ಕೂಲಲ್ಲಿ ಮಕ್ಕಳ ಮುಂದೆ ಆಡ್ಕೊಳ್ತಾರೆ. ಕ್ಯಾಮೆರಾನೋ ಸೈರನ್ನೋ ಏನೋ ಕೆಟ್ಟಿರಬೇಕು. ನಿನಗಾದ್ರೆ ಗೊತ್ತಾಗತ್ತೆ, ನೋಡಿ ಹೇಳು."

ಅದೇ ಮಾದರಿಯ ಇನ್ನೊಂದು ಕಂಪ್ಯೂಟರ್ ಅಂಗಡಿಯಲ್ಲಿತ್ತು. ಪೈಪೋಟಿ ಅದಕ್ಕೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ತಗಡಿನ ಪೆಟ್ಟಿಗೆಯೊಳಗಿಟ್ಟು, ಪಕ್ಕದಲ್ಲಿ ಹೀಟರ್ ಹಚ್ಚಿ, ಫ್ಯಾನ್ ಆರಿಸಿ ಕೂತ. ಹತ್ತು ನಿಮಿಷದವರೆಗೆ ಮುಕ್ಕಾಲು ಸೆಕೆಂಡೇ. ಇಪ್ಪತ್ತನೇ ನಿಮಿಷಕ್ಕೆ ಒಂದು ದಾಟಿತು. ನಲವತ್ತಕ್ಕೆ ಎರಡು ಸೆಕೆಂಡ್. ಹೊಸ ಪ್ರೊಸೆಸರ್ ಹಾಗೇ; ಕಾದು ಸುಟ್ಟುಹೋಗಬಾರದು ಅಂತ ತಾನೇ ವೇಗ ತಗ್ಗಿಸಿ ತನ್ನ ಜೀವ ಉಳಿಸಿಕೊಳ್ಳುತ್ತದೆ. ಇದು ಪೈಪೋಟಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯದನ್ನೂ ಅದೇ ಪೆಟ್ಟಿಗೆಗೆ ಹಾಕಿ ನೋಡಿದ; ಆ ಬಿಸಿಯಲ್ಲೂ ನಾಲ್ಕೇ ಸೆಕೆಂಡ್, ಕದಲಲಿಲ್ಲ.

ಎರಡಕ್ಕೆ ನಾಲ್ಕು. ಓಟದಲ್ಲಿ ಈಗಲೂ ಗೆದ್ದದ್ದು ಹೊಸದೇ. ಆದರೆ ಅವನ ಚೀಟಿ ನಂಬಿ ಕಾರ್ಖಾನೆಯವರು ಸೆಕೆಂಡಿಗೊಂದು ಚಿತ್ರ ಕಳಿಸುತ್ತಿದ್ದರಲ್ಲ! ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಎರಡು ಬಂದು ನಿಲ್ಲುತ್ತವೆ. ಟಿಕೆಟ್ ಕಿಟಕಿಯ ಮುಂದೆ ಸರದಿ ಬೆಳೆದ ಹಾಗೆ ಚಿತ್ರಗಳು ಬಾಕಿ ಬೀಳುತ್ತವೆ. ಹತ್ತು ನಿಮಿಷ ಕಳೆದರೆ ಕಂಪ್ಯೂಟರ್ ಐದು ನಿಮಿಷ ಹಿಂದಿನ ಗೋಡೆಯನ್ನು ನೋಡುತ್ತಾ ಕೂತಿರುತ್ತದೆ. ಸಂಜೆ ಶೆಡ್ಡು ತಣ್ಣಗಾದರೆ ಬಾಕಿ ತೀರುತ್ತದೆ. ಅದಕ್ಕೇ ಆರು ವಾರ ಯಾರಿಗೂ ಸುಳಿವು ಹತ್ತಲಿಲ್ಲ. ದಾಖಲೆಗೆ ಸೇರುವುದೋ ಚಿತ್ರ ತೆಗೆದ ಹೊತ್ತು, ಸೈರನ್ ಕೂಗಿದ ಹೊತ್ತಲ್ಲ. ಮೂರು ಹತ್ತರ ಚುಕ್ಕೆಯನ್ನು ಅದು ಕಂಡದ್ದು ಮೂರು ಹದಿನೈದಕ್ಕೆ. ಅಷ್ಟರಲ್ಲಿ ಭಾವ ಇರಲಿಲ್ಲ.

ಪೈಪೋಟಿ ಹೀಟರ್ ಆರಿಸಿದ. ಸೈರನ್ನಿನಲ್ಲಿ ಏನೋ ದೋಷ ಇದ್ದಿರಬಹುದು ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿಬಿಡಲೇ ಅನ್ನಿಸಿತು. ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಪುರಾವೆಯಿಲ್ಲದೆ ಅಷ್ಟು ಹೇಳಿದರೆ ಸತ್ತವನ ಮೇಲಿನ ಷರಾ ಹಾಗೇ ಉಳಿಯುತ್ತದೆ. ತಾನು ಎಲ್ಲಿ, ಹೇಗೆ ತಪ್ಪು ಪರೀಕ್ಷೆ ಮಾಡಿದೆ ಅಂತ ಎರಡು ಪುಟ ಬರೆದು, ಅಕ್ಕನ ಮನೆಗೆ ಹೋದ.

ಅಕ್ಕ ಬಾಗಿಲಲ್ಲೇ ನಿಂತು ಓದಿದಳು. ಒಂದು ಸಾಲು ಅರ್ಥವಾಗದೆ ಕೇಳಿದಳು, ಅವನು ಬಿಡಿಸಿ ಹೇಳಿದ. ಮತ್ತೆ ಮೊದಲಿಂದ ಓದಿದಳು.

"ಇದನ್ನ ತೋರಿಸಿದ್ರೆ ಅವರ ಮೇಲಿನ ಮಾತು ಅಳಿಸ್ತಾರಾ?"

"ಅಳಿಸಲೇಬೇಕು ಅಕ್ಕ. ಆಮೇಲೆ ನನ್ನ ಹತ್ರ ಯಾರೂ ಏನೂ ಬರೆಸಲ್ಲ. ಹೋಗಲಿ ಬಿಡು."

"ಶೆಡ್ಡಿಗೆ ಬಾ ಅಂತ ನಿಮ್ಮ ಭಾವ ಕರೆದಿದ್ರಾ?"

ಅದನ್ನು ಅವನು ಬರೆದಿರಲಿಲ್ಲ. "ಕರೆದಿದ್ರು," ಅಂದ.

ಅಕ್ಕ ಕಾಗದವನ್ನು ಗೋಡೆಗಿಟ್ಟು ಪೆನ್ನು ಕೊಟ್ಟಳು. "ಅದನ್ನೂ ಬರಿ."

ಅವನು ಬರೆದ. ಅವಳು ಅದನ್ನೂ ಓದಿ, ಮಡಚಿ, ಬೀರುವಿನಲ್ಲಿಟ್ಟು ಬಂದಳು.

"ನೀನು ಬೇಕೂಂತ ಮಾಡಿಲ್ಲ, ಅದು ನನಗೆ ಗೊತ್ತು," ಅಂದಳು. "ಆದ್ರೂ ಇನ್ನು ಈ ಮನೆಗೆ ಬರಬೇಡ ಕಣೋ. ನಿನ್ನ ಮುಖ ನೋಡ್ಕೊಂಡು ನನ್ನ ಕೈಲಿ ಇರೋಕಾಗಲ್ಲ."

ಒಳಗಿಂದ ಮಗಳು "ಮಾಮ ಬಂದ್ರಾ ಅಮ್ಮ?" ಅಂದಳು. ಅಕ್ಕ "ಇಲ್ಲ ಕಣೇ, ಯಾರೋ ಕಾಗದ ಕೊಟ್ಟು ಹೋದ್ರು," ಅಂತ ಹೇಳಿ ಬಾಗಿಲು ಹಾಕಿಕೊಂಡಳು.