ಕೀಲಿಕೈ ಕಾಕೂನ ಕಡೆ ಐತಿ

ಹೋದ ವಾರ ಕರೆಂಟಿನವರು ಬಂದು, ತಂತಿಗೆ ತಾಗುತ್ತವೆಂದು ನಮ್ಮ ಹಿತ್ತಲಿನ ಬೇವಿನ ಮರದ ಕೊಂಬೆಗಳನ್ನು ಕಡಿದರು. ಹಸಿ ಬೇವಿನ ಕಟ್ಟಿಗೆಯ ಕಹಿ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದವಳು, ಮರವನ್ನು ನೋಡುವುದು ಬಿಟ್ಟು ಪಕ್ಕದ ಮನೆಯ ಕಡೆ ನೋಡಿದೆ. ಅಲ್ಲಿಂದ ಯಾರೂ ಕೂಗಲಿಲ್ಲ. ಏಣಿ ಹತ್ತಿದವನ ಊರು, ಮನೆತನ ಯಾರೂ ವಿಚಾರಿಸಲಿಲ್ಲ. ಅವರು ಆರಾಮವಾಗಿ ಕೆಲಸ ಮುಗಿಸಿ, ನೀರು ಕುಡಿದು ಹೋದರು. ಕಾಕೂ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ...

ಕಾಕೂಗೂ ಒಂದು ಹೆಸರಿತ್ತು ನಿಜ. ಆದರೆ ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಹಾಲಿನವನಿಂದ ಹಿಡಿದು ನಿವೃತ್ತ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮ, ಕಾಕೂನೇ. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದಕ್ಕಾಗಿ ಅವರು ಕೊರಗಿದ್ದನ್ನು ನಾನು ಕಾಣೆ. ಕೊರಗಲು ಬಿಡುವಾದರೂ ಎಲ್ಲಿತ್ತು? ಓಣಿಯ ಪ್ರತಿ ಮರ, ಪ್ರತಿ ನಲ್ಲಿ, ಪ್ರತಿ ಮದುವೆಯ ಉಸ್ತುವಾರಿ ಅವರದೇ.

ಈ ಮನೆ ಕೊಳ್ಳುವ ಮೊದಲು ನಾವು ನವನಗರದಲ್ಲಿ ಬಾಡಿಗೆಗಿದ್ದೆವು. ಅಗಲವಾದ ರಸ್ತೆ, ಓಡಾಡಲು ಅನುಕೂಲ, ಎಲ್ಲ ಸರಿ. ಆದರೆ ನಮ್ಮ ಸಾಲಿನಲ್ಲಿ ನೆಟ್ಟ ಸಸಿಗಳು ಅವುಗಳನ್ನು ಕಾಯುವ ಕಬ್ಬಿಣದ ಪಂಜರಕ್ಕಿಂತ ಗಿಡ್ಡವಾಗಿದ್ದವು. ಬಾಗಲಕೋಟೆಯ ಬೇಸಿಗೆಯಲ್ಲಿ ನಾನು ಕಲಿಸುವ ಶಾಲೆಯಿಂದ ಮನೆಗೆ ಬರುವಷ್ಟರಲ್ಲಿ ನನ್ನ ಸ್ಕೂಟಿಯ ಸೀಟು ರೊಟ್ಟಿಯ ಹೆಂಚಾಗಿರುತ್ತಿತ್ತು. ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ವಿದ್ಯಾಗಿರಿಗೆ ಹೋದವಳು ಆ ಓಣಿಯ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಕೊಳ್ಳುವುದಾದರೆ ಇಲ್ಲೇ ಮನೆ ಕೊಳ್ಳಬೇಕು ಎಂದು ನಿಶ್ಚಯ ಮಾಡಿಬಿಟ್ಟೆ. ಯಜಮಾನರು ಇಳಕಲ್ಲಿನವರು, ಕಲ್ಲಿನ ವ್ಯಾಪಾರ. ಅವರಿಗೆ ಮನೆಯೆಂದರೆ ನೆಲಕ್ಕೆ ಹಾಸಿದ ಫರಸಿ, ನನಗೆ ಮನೆಯೆಂದರೆ ನೆರಳು.

ಏಜೆಂಟನೊಬ್ಬ ಸಿಕ್ಕ. "ಮನಿ ಒಂದ ಐತ್ರಿ, ಭಾಳ ಚಲೋ ಐತಿ," ಎಂದ. "ಮಾಲೀಕ್ರು ಸೊಲ್ಲಾಪುರದಾಗ ಇರ್ತಾರು. ಅವರ ತಾಯಿ ತೀರಿಕೊಂಡ ಮ್ಯಾಲ ಖಾಲಿ ಬಿದ್ದೈತಿ. ಆದ್ರ..."

"ಆದ್ರ ಏನು? ಕಾಗದಪತ್ರ ಸರಿ ಇಲ್ಲೇನು?" ಎಂದರು ಯಜಮಾನರು.

"ಕಾಗದ ಎಲ್ಲಾ ಸರಿ ಅದಾವ್ರಿ. ಕೀಲಿಕೈ ಬಾಜೂ ಮನಿ ಕಾಕೂನ ಕಡೆ ಐತಿ," ಎಂದು ಅವನು ನಿಟ್ಟುಸಿರು ಬಿಟ್ಟ. ಮನೆ ತೋರಿಸುವ ದಿನ ತಾನು ಗೇಟಿನ ಹೊರಗೇ ನಿಂತ.

ಕಾಕೂ ಮೊದಲು ನಮ್ಮನ್ನು ತಮ್ಮ ಕಟ್ಟೆಯ ಮೇಲೆ ಕೂರಿಸಿದರು. ಸಣ್ಣ ಆಳು, ದೊಡ್ಡ ಕುಂಕುಮವಿರಬೇಕಾದಲ್ಲಿ ವಿಭೂತಿ, ಸೊಂಟದಲ್ಲಿ ಕೀಲಿಕೈ ಗೊಂಚಲು. ಯಾವ ಊರು, ಇಳಕಲ್ಲಿನಲ್ಲಿ ಯಾವ ಓಣಿ, ಗಾಡಿಯ ಹಾರ್ನು ಎಂಥದ್ದು, ಟಿವಿ ಎಷ್ಟು ಜೋರು ಹಚ್ಚುತ್ತೀರಿ, ಎಲ್ಲ ಕೇಳಿದರು. ನನ್ನನ್ನು ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ. ಆಮೇಲೆ ಕೀಲಿ ತೆಗೆದು ಒಳಗೆ ಕರೆದೊಯ್ದರು.

ಮನೆ ಮಾರುವವರು ಗುಣ ಹೇಳುವುದನ್ನು ಕೇಳಿದ್ದೆ. ಕಾಕೂ ಒಂದೊಂದೇ ದೋಷವನ್ನು ಕೈಯೆತ್ತಿ ತೋರಿಸುತ್ತ ನಡೆದರು.

"ಈ ಗ್ವಾಡಿ ನೋಡ್ರಿ, ಮಳಿಗಾಲಕ್ಕ ನೀರು ಕುಡಿತೈತಿ. ಇಲ್ಲೆ ಇಲಿ. ಅಲ್ಲೆ ಮಂಗ್ಯಾ. ಬಾದಾಮಿ ಮಂಗ್ಯಾಗಳಿಗಿಂತ ಇವು ಭಾಳ ಶ್ಯಾಣ್ಯಾ, ಫ್ರಿಜ್ ತಗೀತಾವು. ಈ ಖೋಲ್ಯಾಗ ಗಾಳಿ ಬರೂದಿಲ್ಲ. ಆ ಖೋಲ್ಯಾಗ ಬಂದ್ರ ನಿಲ್ಲೂದಿಲ್ಲ."

"ಹಾವು?" ಎಂದರು ಯಜಮಾನರು. ಅವರಿಗೆ ಹಾವೆಂದರೆ ಮೊದಲಿನಿಂದಲೂ ಭಯ.

ಕಾಕೂ ಒಂದು ಕ್ಷಣ ಯೋಚಿಸಿದರು. "ಈ ವರ್ಷ ಇನ್ನೂ ಕಂಡಿಲ್ಲ," ಎಂದರು. ನಂತರ ಧ್ವನಿ ತಗ್ಗಿಸಿ, "ಮಾಳಗಿ ಮ್ಯಾಲ ಯಾರೋ ಅಡ್ಡಾಡಿದ ಸಪ್ಪಳ ಆಗತೈತಿ. ನಾ ಏನೂ ಹೇಳೂದಿಲ್ಲವಾ. ದುಡ್ಡು ನಿಮ್ಮದು, ಜೀವಾ ನಿಮ್ಮದು," ಎಂದರು.

ಯಜಮಾನರು ಗೇಟಿನ ಕಡೆ ಹೆಜ್ಜೆ ಹಾಕಿಯೇಬಿಟ್ಟರು. ನನಗೋ ಬಾಯಾರಿ ಗಂಟಲು ಒಣಗಿತ್ತು. ಕಾಕೂನ ಮನೆಗೆ ಮುಂದಿನಿಂದ ಸುತ್ತಿ ಹೋಗಲು ಬೇಸರವಾಗಿ ಹಿತ್ತಲಿಗೆ ಬಂದರೆ, ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು ಕಂಡಿತು. ತೆರೆದೇ ಇತ್ತು. ನಾನು ತಲೆ ಬಗ್ಗಿಸಿ ಅದರೊಳಗಿಂದ ಕಾಕೂನ ಹಿತ್ತಲಿಗೆ ಹೋಗಿ, "ಕಾಕೂ, ಒಂದು ತಂಬಿಗಿ ನೀರು ಕೊಡ್ರಿ," ಎಂದು ಕೂಗಿದೆ.

ಅವರು ಹಿಂದೆಯೇ ಬಂದವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ನೀರು ಕೊಟ್ಟರು. ನೀರಿನ ಜೊತೆ ಅಮೀನಗಡದ ಕರದಂಟೂ ಬಂತು. "ಆ ಗ್ವಾಡಿಗಿ ಒಂದ್ಸಲ ಸಿಮೆಂಟ್ ಹಚ್ಚಿದ್ರ ಮುಗೀತು," ಎಂದರು ಇದ್ದಕ್ಕಿದ್ದಂತೆ. "ಭಾಳ ಏನಿಲ್ಲ ಅದು."

ನನಗೆ ಆಗ ಏನೂ ತಿಳಿಯಲಿಲ್ಲ. ಬಿಸಿಲಿಗೆ ಮುದುಕಿಯ ಬುದ್ಧಿ ಆಚೀಚೆ ಆಗಿರಬೇಕು ಎಂದುಕೊಂಡೆ.

ಮರುದಿನ ಕಾಕೂ ತಾವೇ ಕರೆಸಿ, ನಮ್ಮೆದುರೇ ಸೊಲ್ಲಾಪುರದ ಮಾಲೀಕನಿಗೆ ಫೋನು ಹಚ್ಚಿದರು. ನಿನ್ನೆ ನಮಗೆ ಹೇಳಿದ ದೋಷಗಳನ್ನೆಲ್ಲ ಇಂದು ಅವನಿಗೆ ಹೇಳತೊಡಗಿದರು. ಗೋಡೆ, ಇಲಿ, ಮಂಗ, ಗಾಳಿ, ಒಂದನ್ನೂ ಬಿಡಲಿಲ್ಲ. "ಹಾವು ಸೈತ ಐತೆಪಾ," ಎಂದರು. "ಇಂಥಾ ಮನಿಗಿ ನೀ ಹೇಳೂ ರೇಟು ಯಾವ ಹುಚ್ಚ ಕೊಡ್ತಾನ? ಇಳಸು."

ಆ ಕಡೆಯಿಂದ ಅವನು ಅಳುವ ಧ್ವನಿಯಲ್ಲಿ, "ಕಾಕೂ, ನೀ ನನ್ನ ಕಡೆಯಾಕಿಯೋ ಅವರ ಕಡೆಯಾಕಿಯೋ?" ಎಂದ.

"ನಾ ಆ ಮನಿ ಕಡೆಯಾಕಿ," ಎಂದರು ಕಾಕೂ.

ಅವನು ಇಳಿಸಿದ. ನಾವು ಕೊಂಡೆವು. ಗೃಹಪ್ರವೇಶದ ದಿನ ಹೋಳಿಗೆ ಬಡಿಸುತ್ತ ಯಜಮಾನರು, "ಕಾಕೂ, ಆ ಮಾಳಗಿ ಸಪ್ಪಳ..." ಎಂದು ಮೆಲ್ಲಗೆ ಕೇಳಿದರು. "ಅದು ನಾನಽ," ಎಂದರು ಕಾಕೂ, ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ. "ಸಂಡಿಗಿ ಒಣಹಾಕಾಕ ಹೋಗಿರ್ತೇನಿ. ನಮ್ಮ ಮಾಳಗಿ ಮ್ಯಾಲ ನೆರಳು ಬೀಳತೈತಿ."

ನಗುನಗುತ್ತಲೇ ದಿನಗಳು ಹೋಗುತ್ತಿದ್ದವು. ಆದರೆ ಯಜಮಾನರಿಗೆ ಆ ಬಾಗಿಲು ಹಿಡಿಸಲಿಲ್ಲ. ಮನೆ ಎಂದ ಮೇಲೆ ನಾಲ್ಕೂ ಕಡೆ ಗೋಡೆ ಇರಬೇಕು ಎಂಬುದು ಅವರ ವಾದ. ತಪ್ಪೇನೂ ಇಲ್ಲ. ಬೆಳಿಗ್ಗೆ ಅವರು ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬರುವ ಹೊತ್ತಿಗೇ ಕಾಕೂ ಪುಂಡಿಪಲ್ಯದ ಬಟ್ಟಲು ಹಿಡಿದು ಹಿತ್ತಲಿನಿಂದ ಒಳಗೆ ಬರುವುದು. ಇವರು ಹಿಂದೆ ಸರಿದು ಮತ್ತೆ ಬಚ್ಚಲು ಸೇರುವುದು. ಅದು ಎಷ್ಟೋ ಸಲ ಆಯಿತು. ಕೊನೆಗೆ ಒಂದು ದಿನ ಇಟ್ಟಿಗೆ ತರಿಸಿ, ಗೌಂಡಿಯನ್ನು ಗೊತ್ತು ಮಾಡಿ, ತಾವೇ ಹೋಗಿ ಕಾಕೂಗೆ ಹೇಳಿ ಬಂದರು.

ದೊಡ್ಡ ಜಗಳವಾಗುತ್ತದೆಂದು ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಜಗಳವೇ ಆಗಲಿಲ್ಲ. "ಮನಿ ನಿಮ್ಮದು. ಮುಚ್ಚೂದಾದ್ರ ಮುಚ್ರಿ," ಎಂದರಂತೆ. ಅಷ್ಟೇ.

ಮರುದಿನ ಬೆಳಿಗ್ಗೆ ಮುಂಬಾಗಿಲಿನ ಬೆಲ್ಲಾಯಿತು. ತೆರೆದರೆ ಕಾಕೂ. ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟು, ಮಡಿಕೆ ಕೂಡ ಬಿಚ್ಚದ ಸೆರಗನ್ನು ತಲೆತುಂಬ ಹೊದ್ದುಕೊಂಡು ನಿಂತಿದ್ದರು. ಗೌಂಡಿ ಇನ್ನೂ ಬಂದಿರದೆ ಹಿತ್ತಲ ಬಾಗಿಲು ತೆರೆದೇ ಇದ್ದರೂ, ರಸ್ತೆಗಿಳಿದು, ಸುತ್ತಿಕೊಂಡು, ಗೇಟು ತೆಗೆದು ಬಂದಿದ್ದರು. ಕೈಯಲ್ಲಿ ಮುಚ್ಚಿದ ಬಟ್ಟಲು.

"ಸಾಹೇಬ್ರ ಅದಾರೇನವಾ?" ಎಂದರು.

ಸೋಫಾದ ತುದಿಯಲ್ಲಿ ಕುಳಿತರು. ಚಹಾ ಬೇಡವೆಂದರು. ಯಜಮಾನರನ್ನು "ಹೆಂಗ ಅದೀರಿ ಸಾಹೇಬ್ರ, ವ್ಯಾಪಾರ ಎಲ್ಲಾ ಚಲೋ ನಡದೈತ್ರಿ?" ಎಂದು, ಊರಿಗೆ ಹೊಸದಾಗಿ ಬಂದ ತಹಶೀಲ್ದಾರರನ್ನು ಮಾತನಾಡಿಸುವಂತೆ ಮಾತನಾಡಿಸಿದರು. ಬಟ್ಟಲು ಇಟ್ಟು, ಎರಡೂ ಕೈ ಮುಗಿದು ಹೋದರು. ಮರುದಿನವೂ ಬೆಲ್ಲು. ಅದರ ಮರುದಿನವೂ. ಸೀರೆ ಮಾತ್ರ ಬೇರೆ ಬೇರೆ. ಯಜಮಾನರು ಬೆಲ್ಲಿನ ಸಪ್ಪಳಕ್ಕೆ ಬೆಚ್ಚಿಬೀಳತೊಡಗಿದರು.

ನನಗೆ ಮೊದಲು ನಗು ಬಂತು. ಆಮೇಲೆ ಒಂದು ದಿನ ಅವರು ಗೇಟು ದಾಟುವಾಗ ಹಿಂದಿನಿಂದ ನೋಡಿದೆ. ಬಿಸಿಲಿನಲ್ಲಿ, ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ಅವರು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ನಮ್ಮ ಮನೆಗೆ ಅತಿಥಿಯಾಗಲು ಕಲಿಯುತ್ತಿದ್ದರು...

ಯಜಮಾನರೂ ಅದನ್ನು ಕಿಟಕಿಯಿಂದ ನೋಡಿದರು ಎಂದು ಕಾಣುತ್ತದೆ. ಸಂಜೆ ಹಿತ್ತಲಿಗೆ ಹೋಗಿ, ಆ ಗಿಡ್ಡ ಬಾಗಿಲಲ್ಲಿ ತಲೆ ತೂರಿಸಿ, "ಕಾಕೂ, ಗೌಂಡಿ ಬರಂಗಿಲ್ಲಂತ. ಬಾಗಿಲಾ ಇರ್ಲಿ ಬಿಡ್ರಿ," ಎಂದು ಕೂಗಿದರು. ತಲೆ ಹೊರಗೆ ತೆಗೆಯುವಾಗ ಚೌಕಟ್ಟಿಗೆ ಬಡಿಸಿಕೊಂಡು ಹಣೆಯ ಮೇಲೆ ಗುಬುಟು ಎದ್ದಿತು. ಆ ಗುಬುಟಿಗೆ ಅರಿಸಿನ ಹಚ್ಚಲು ಕಾಕೂ ಅದೇ ಬಾಗಿಲಿನಿಂದ ಬಂದರು, ಮಾಸಿದ ಮನೆಸೀರೆಯಲ್ಲಿ. ತಂದಿದ್ದ ಇಟ್ಟಿಗೆಯಲ್ಲಿ ಬೇವಿನ ಮರಕ್ಕೊಂದು ಕಟ್ಟೆಯಾಯಿತು.

ಎಷ್ಟೋ ದಿನಗಳ ನಂತರ ಶಾವಿಗೆ ಒಣಹಾಕುತ್ತ ಕಾಕೂ ತಾವಾಗಿಯೇ ಹೇಳಿದರು. ಗೋಡೆ ಒಡೆಸಿ ಆ ಬಾಗಿಲು ಇಡಿಸಿದ್ದು ಸೊಲ್ಲಾಪುರದವನ ತಾಯಿಯಂತೆ, ಅವರಿಬ್ಬರೂ ಜೀವದ ಗೆಳತಿಯರು. "ಮನಿ ನೋಡಾಕ ಬಂದವ್ರೆಲ್ಲಾ ಇದನ್ನ ಯಾವಾಗ ಮುಚ್ಚೂದಂತ ಕೇಳ್ತಿದ್ರು. ನೀ ಒಬ್ಬಾಕಿ ಅದರಾಗಿಂದ ಬಂದು ನೀರು ಬೇಡಿದಿ."

ಕಳೆದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಕಾಕೂಗೆ ಉಸಿರಾಟ ಕಷ್ಟವಾಯಿತು. ನಾವೇ ದವಾಖಾನೆಗೆ ಸೇರಿಸಿದೆವು. ಅಲ್ಲಿಯೂ ಕೋಣೆಯ ಬಾಗಿಲಲ್ಲೇ ವ್ಹೀಲ್‌ಚೇರ್ ನಿಲ್ಲಿಸಿ ನರ್ಸಿಗೆ ಹೇಳಿದರು: "ಪಶ್ಚಿಮಕ್ಕ ಕಿಟಕಿ ಐತೆವಾ, ಮಧ್ಯಾಹ್ನ ಬಿಸಲು ಹೊಡಿತೈತಿ. ಬ್ಯಾರೆ ತೋರಸು." ನರ್ಸು ನಗುತ್ತ ಇನ್ನೊಂದು ತೋರಿಸಿದಳು. ಕಿಟಕಿಯಾಚೆ ಒಂದು ಮರವಿತ್ತು. ಕಾಕೂ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಅಡ್ಡಿಯಿಲ್ಲ," ಎಂದರು. "ಭಾಳ ದಿನಾ ಇರೂದೂ ಇಲ್ಲಲ್ಲ."

ಇರಲಿಲ್ಲ.

ಮನೆ ಬಾದಾಮಿಯಲ್ಲಿರುವ ಅವರ ತಂಗಿಯ ಮಗಳಿಗೆ ಹೋಯಿತು, ಅವಳು ಮಾರಿದಳು. ಕೊಂಡವರು ಹುನಗುಂದದ ಕಡೆಯ ಗಂಡಹೆಂಡತಿ, ಚಿಕ್ಕ ವಯಸ್ಸು, ಒಳ್ಳೆಯ ಜನ. ನಾಯಿ ಸಾಕಿದ್ದಾರೆ, ಅದು ಹೊರಗೆ ಹೋಗದಂತೆ ಬಾಗಿಲನ್ನು ಮುಚ್ಚಿಸಬಹುದೇ ಎಂದು ನಮ್ಮನ್ನು ಬಹಳ ವಿನಯದಿಂದ ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ಬೇಡವೆನ್ನಲು ಕಾರಣವೇನೂ ಇರಲಿಲ್ಲ, ಮುಚ್ಚಿಸಿದರು.

ನಿನ್ನೆ ಆ ಹುಡುಗಿ ಗೋಡೆಯ ಮೇಲಿಂದ ಇಣುಕಿ, "ಆಂಟಿ, ಈ ಮನ್ಯಾಗ ಮೊದಲ ಇದ್ದ ಅಜ್ಜಿ ಹೆಂಗಿದ್ರು?" ಎಂದು ಕೇಳಿದಳು.

"ಭಾಳ ಕಿರಿಕಿರಿ ಮುದುಕಿ," ಎಂದು ಶುರುಮಾಡಿದೆ. ಮುಂದೆ ನಗುವಂಥದ್ದೇನೋ ಬರುತ್ತದೆಂದು ಅವಳು ಗೋಡೆಗೆ ಗಲ್ಲ ಊರಿ ಕಾಯುತ್ತಿದ್ದಳು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಒಳಗೆ ಬಂದೆ.

ಒಲೆ ಹೊತ್ತಿಸಿಯೇ ಇರಲಿಲ್ಲ.