ಅಕ್ಕನ ಕಂಪ್ಯೂಟರಿನ ಕಪ್ಪು ಪರದೆ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನಕ್ಕ ಅಕ್ಕಲಕೋಟೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದಳು. ಅವಳ ಕಂಪ್ಯೂಟರ್ ಪದೇಪದೇ ನಿಂತುಬಿಡುತ್ತಿತ್ತು. ಪುಣೆಯ ಗೆಳತಿಯೊಬ್ಬಳು ಕಾಲೇಜಿನಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಡೌನ್‌ಲೋಡ್ ಮಾಡಿ ನನಗೊಂದು ಸಿ.ಡಿ. ಕೊಟ್ಟಿದ್ದಳು. ಸೋಲಾಪುರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ನಡೆದಿತ್ತು. ಅದೇ ಧೈರ್ಯದಲ್ಲಿ ಎಸ್.ಟಿ. ಬಸ್ ಹತ್ತಿ ಹೋಗಿ, ಅಕ್ಕನ ಕಂಪ್ಯೂಟರಿನಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಹಾಕಿದೆ.

ಶುರು ಮಾಡಿದರೆ ಪರದೆ ಒಮ್ಮೆ ಮಿಟುಕಿ ಕಪ್ಪಾಯಿತು. ಎಷ್ಟು ಸಲ ಮಾಡಿದರೂ ಅದೇ ಕಪ್ಪು. ಕ್ಲಾಸಿನ ಹುಡುಗಿಯರು ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು.

"ನಿಮ್ಮ ಮನ್ಯಾಗ ನಡದಿತ್ತಲ್ಲ, ಇಲ್ಲಿ ಯಾಕ ನಡೀವಲ್ದು?" ಅಂದಳು ಅಕ್ಕ.

"ಇದರಾಗ ಪರದೆಗೆ ಚಿತ್ರ ಕಳಸೂ ಡಿಸ್‌ಪ್ಲೇ ಕಾರ್ಡ್ ಬ್ಯಾರೆ ಅದ ಅಕ್ಕಾ, ಲಿನಕ್ಸಿಗೆ ಅದರ ಗುರ್ತ ಸಿಗವಲ್ದು."

"ಹಂಗಾರ ಮೊದಲಿಂದೂ ಹೋತೇನ?"

ಚಿತ್ರ, ಬಟನ್ನುಗಳು ಮೂಡುವ ಆಸೆ ಬಿಟ್ಟು, ಬರೀ ಅಕ್ಷರಗಳಲ್ಲಿ ಶುರುವಾಗುವಂತೆ ಮಾಡಿದೆ. ಪರದೆಯ ಮೂಲೆಯಲ್ಲಿ ಸಣ್ಣ ಬಿಳಿ ಗೆರೆಯೊಂದು ಮಿನುಗತೊಡಗಿತು.

"ಚಿತ್ರ ಬರಂಗಿಲ್ಲ. ಅಕ್ಷರ ಅಷ್ಟ ಬರ್ತಾವ," ಅಂದೆ.

ಅಕ್ಕ ನನ್ನನ್ನು ಸರಿಸಿ ಕೂತು, ಕೀಲಿಗಳತ್ತ ನೋಡದೆಯೇ ಒಂದು ಸಾಲು ಟೈಪ್ ಮಾಡಿದಳು.

"ಹುಚ್ಚಿ, ಟೈಪಿಂಗ್ ಕ್ಲಾಸಿಗೆ ಮತ್ತೇನ ಬೇಕ?" ಎಂದು ನಕ್ಕು, ಹುಡುಗಿಯರನ್ನು ಒಳಗೆ ಕರೆದಳು.